ಕಡಲಿಗೆ ಹೋಗುವ ದಾರಿಯಲ್ಲಿ ಎರಡು ದಿನ: ಕಲ್ಲು ನೋಡೋದಾ, ಬೆಟ್ಟ ಹತ್ತೋದಾ?

ನಮ್ಮ ಮನೆ ಹಾಸನದಲ್ಲಿ ಇರುವುದರಿಂದ ಡಿಸೆಂಬರ್ ಬಂತೆಂದರೆ ಫೋನುಗಳು ಶುರುವಾಗುತ್ತವೆ. "ಉಡುಪಿ ಕಡೆ ಹೊರಟಿದ್ದೇವೆ, ದಾರಿಯಲ್ಲಿ ಎರಡು ದಿನ ಕೈಲಿದೆ. ಬೇಲೂರು ನೋಡೋದಾ, ಮುಳ್ಳಯ್ಯನಗಿರಿಗೆ ಹೋಗೋದಾ, ಸುಮ್ನೆ ಸಕಲೇಶಪುರದಲ್ಲಿ ಉಳಿಯೋದಾ?" ಈ ಸಲ ಕೇಳಿದ್ದು ಬೆಂಗಳೂರಿನಲ್ಲಿರುವ ದೊಡ್ಡಮ್ಮನ ಮಗಳು, ನನಗೆ ಅಕ್ಕ ಆಗಬೇಕು. ಕಾರಿನಲ್ಲಿ ಅಕ್ಕ, ಭಾವ, 74 ವರ್ಷದ ದೊಡ್ಡಮ್ಮ, ಜೊತೆಗೆ 12 ಮತ್ತು 7 ವರ್ಷದ ಇಬ್ಬರು ಮಕ್ಕಳು. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿ ಇರುವವರು ಬೇರೆಯವರೂ ಇದ್ದಾರೆ, ಅಲ್ವಾ?

ಜಾಗ ಆರಿಸುವ ಮೊದಲು

ಯಾವ ಜಾಗ ಚೆಂದ ಎಂದು ಕೇಳಿದರೆ ಎಲ್ಲವೂ ಚೆಂದವೇ. ಆ ಪ್ರಶ್ನೆಯಿಂದ ಏನೂ ತೀರ್ಮಾನ ಆಗುವುದಿಲ್ಲ. ನಾನು ಮೊದಲು ಕೇಳುವುದು ಮಂಡಿಯ ವಿಷಯ. ನಿಮ್ಮ ಗುಂಪಿನಲ್ಲಿ ಯಾರ ಕಾಲಿಗೆ ಶಕ್ತಿ ಕಡಿಮೆಯೋ ಅವರೇ ನಿಮ್ಮ ಪ್ರವಾಸದ ಅಳತೆ. ಅವರನ್ನು ಕಾರಿನಲ್ಲಿ ಕೂರಿಸಿ ಉಳಿದವರು ಬೆಟ್ಟ ಹತ್ತಿ ಬರುವುದು ನನಗೆ ಸರಿ ಅನ್ನಿಸುವುದಿಲ್ಲ. ಬಿಸಿಲಲ್ಲಿ ಎರಡು ಗಂಟೆ ಕಾಯುವವರ ಕಷ್ಟ ಮೇಲೆ ಹೋದವರಿಗೆ ಗೊತ್ತಾಗುವುದಿಲ್ಲ.

ಆಮೇಲೆ ತಿಂಗಳು. ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಹವೆ ಒಂದೇ ಥರ ಇಲ್ಲ. ಶ್ರವಣಬೆಳಗೊಳ, ಅರಸೀಕೆರೆ ಕಡೆ ಬಯಲುಸೀಮೆ. ಅಲ್ಲಿಂದ ಎರಡು ಗಂಟೆ ಪಶ್ಚಿಮಕ್ಕೆ ಹೋದರೆ ಸಕಲೇಶಪುರ, ಮೂಡಿಗೆರೆಯ ಜಡಿ ಮಳೆ. ಜುಲೈನಲ್ಲಿ ಬೆಳಗೊಳದಲ್ಲಿ ಬರೀ ಮೋಡ ಇರುವ ದಿನ ಬಿಸಿಲೆ ಘಾಟಿಯಲ್ಲಿ ಎದುರಿನ ಗಾಡಿ ಕಾಣದಷ್ಟು ಮಳೆ ಇರಬಹುದು.

ಮೂರನೆಯದು ಹೊತ್ತು. ಕಲ್ಲಿನ ಕೆತ್ತನೆಗೆ ಓರೆ ಬಿಸಿಲು ಬೇಕು, ಬೆಟ್ಟಕ್ಕೆ ಬೆಳಗಿನ ಜಾವ ಬೇಕು. ನಡು ಮಧ್ಯಾಹ್ನ ಎರಡಕ್ಕೂ ಆಗಿ ಬರುವುದಿಲ್ಲ. ದುಡ್ಡಿನ ಲೆಕ್ಕವನ್ನು ನಾನು ಕೊನೆಗೆ ಇಡುತ್ತೇನೆ. ಇಲ್ಲಿ ನೋಡುವುದಕ್ಕೆ ಹೆಚ್ಚು ಖರ್ಚಿಲ್ಲ, ಖರ್ಚು ಆಗುವುದು ಓಡಾಟಕ್ಕೆ ಮತ್ತು ಉಳಿಯುವುದಕ್ಕೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ದಿನಕ್ಕೆ ಎರಡು ದೊಡ್ಡ ಜಾಗ, ಮೂರನೆಯದು ಬೇಡ ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ. ಒಂದೇ ದಿನಕ್ಕೆ ಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ತೋರಿಸಿ ರಾತ್ರಿ ಬೆಂಗಳೂರಿಗೆ ಬಿಡುವ ಪ್ರವಾಸಗಳಿವೆ. ಹಾಗೆ ಬಂದವರನ್ನು ಹಳೇಬೀಡಿನಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಗಾಡಿ ಇಳಿಯುವಾಗಲೇ ಸುಸ್ತಾಗಿರುತ್ತಾರೆ. ನಲವತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿ ಮತ್ತೆ ಗಾಡಿ ಹತ್ತುತ್ತಾರೆ.

ಬೇಲೂರು, ಹಳೇಬೀಡು: ಮಂಡಿ ನೋವಿನವರಿಗೂ ಮಕ್ಕಳಿಗೂ

ಇವೆರಡರ ನಡುವೆ ಬರೀ 16 ಕಿಲೋಮೀಟರು. ಹಾಸನದಿಂದ ಬೇಲೂರಿಗೆ ಸುಮಾರು 40, ಹಳೇಬೀಡಿಗೆ 30ರ ಆಸುಪಾಸು. ಎರಡೂ ಸಮತಟ್ಟಾದ ಜಾಗ. ಜಗಲಿ ಹತ್ತಲು ಕೆಲವು ಮೆಟ್ಟಿಲು ಬಿಟ್ಟರೆ ಕಾಲಿಗೆ ಅಂಥ ಕೆಲಸವಿಲ್ಲ. ವಯಸ್ಸಾದವರು ಇದ್ದರೆ ಯೋಚನೆಯೇ ಬೇಡ, ಇದನ್ನೇ ಆರಿಸಿ. ಸೋಮನಾಥಪುರದ ಜೊತೆ ಇವೆರಡೂ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿಂದೀಚೆಗೆ ಶನಿವಾರ, ಭಾನುವಾರ ಜನ ಜಾಸ್ತಿ.

ಎರಡರಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ? ಇದು ನನಗೆ ಬರುವ ಅತಿ ಕಷ್ಟದ ಪ್ರಶ್ನೆ.

ಬೇಲೂರಿನ ಚೆನ್ನಕೇಶವ ಗುಡಿಯನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಇಂದಿಗೂ ಅಲ್ಲಿ ದಿನವೂ ಪೂಜೆ ನಡೆಯುತ್ತದೆ. ಗಂಟೆ, ಮಂಗಳಾರತಿ, ತುಳಸಿಯ ವಾಸನೆ, ತೀರ್ಥಕ್ಕೆ ಕೈಯೊಡ್ಡಿ ನಿಂತ ಊರಿನ ಹೆಂಗಸರು, ಎಲ್ಲದರ ನಡುವೆ ಶಿಲ್ಪ ನೋಡುತ್ತೀರಿ. ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತ ಮದನಿಕೆಯರು ಒಟ್ಟು 42. ಅದರಲ್ಲಿ 4 ಒಳಗಿವೆ. ಹೆಚ್ಚಿನವರು ದರ್ಪಣ ಸುಂದರಿಯ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ನೀವು ಉಳಿದವರ ಕೈ ಕಾಲುಗಳನ್ನೂ ನೋಡಿ. ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ, ಒಬ್ಬಳು ಬೇಟೆಗೆ ಹೊರಟಿದ್ದಾಳೆ. ಮಕ್ಕಳಿಗೆ ಜಕಣಾಚಾರಿ ಮತ್ತು ಕಪ್ಪೆ ಚೆನ್ನಿಗರಾಯನ ಕತೆ ಹೇಳಿ, ಅವರಿಗೆ ತುಂಬಾ ಹಿಡಿಸುತ್ತದೆ. ಅದು ಕತೆ. ಕಲ್ಲಿನ ಮೇಲೆ ಹೆಸರು ಕೆತ್ತಿಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇದ್ದಾರೆ. ಎಂಟುನೂರು ವರ್ಷಕ್ಕೂ ಹಿಂದಿನ ಕೆಲಸಗಾರರ ಹೆಸರು ಹೀಗೆ ಉಳಿದಿದೆಯಲ್ಲ, ಅದೇ ನನಗೆ ಕತೆಗಿಂತ ದೊಡ್ಡದು.

ಹಳೇಬೀಡಿನ ಹೊಯ್ಸಳೇಶ್ವರ ಬೇರೆಯೇ ಅನುಭವ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗುಡಿ ಪಕ್ಕ ಪಕ್ಕ, ಎದುರಿಗೆ ಎರಡು ದೊಡ್ಡ ನಂದಿ. ಮೇಲೆ ಗೋಪುರವಿಲ್ಲ. ಆದರೆ ಹೊರಗೋಡೆಯಲ್ಲಿ ಖಾಲಿ ಕಲ್ಲು ಹುಡುಕಿದರೂ ಸಿಗುವುದು ಕಷ್ಟ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ, ಮಹಾಭಾರತ. ಇದು ದ್ವಾರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರನ ಸೈನ್ಯ ಇಲ್ಲಿಗೆ ಬಂತು. ಪಕ್ಕದ ಕೆರೆ ಏರಿಯ ಮೇಲೆ ನಿಂತು ನೋಡಿದರೆ ಇದು ಒಂದು ಕಾಲಕ್ಕೆ ದೊಡ್ಡ ಪಟ್ಟಣ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

ಪೂಜೆ, ದೇವರು ಬೇಕು ಅನ್ನುವವರಿಗೆ ಬೇಲೂರು. ಕೆತ್ತನೆಯನ್ನೇ ಕಣ್ತುಂಬ ನೋಡಬೇಕು ಅನ್ನುವವರಿಗೆ ಹಳೇಬೀಡು. ಎರಡನ್ನೂ ನೋಡುವವರು ಬೆಳಿಗ್ಗೆ ಬೇಲೂರು, ಮೂರು ಗಂಟೆಯ ಮೇಲೆ ಹಳೇಬೀಡು ಎಂದು ಇಟ್ಟುಕೊಳ್ಳಿ. ಬೇಲೂರಿನಲ್ಲಿ ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಹಳೇಬೀಡಿನಲ್ಲಿ ಹಿಂದಿನ, ಅಂದರೆ ಪಡುವಣ ಗೋಡೆಯ ಕೆತ್ತನೆಯೇ ಶ್ರೇಷ್ಠ. ಅದರ ಮೇಲೆ ಬಿಸಿಲು ಬೀಳುವುದು ಸಂಜೆ. ಇನ್ನೂ ಒಂದು ಕಾರಣ ಇದೆ. ಎರಡು ಕಡೆಯೂ ಚಪ್ಪಲಿ ಹೊರಗೆ ಬಿಡಬೇಕು. ಏಪ್ರಿಲ್‌ನ ಒಂದು ಮಧ್ಯಾಹ್ನ ನನ್ನ ಮಗಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದಾಗ, ಕಾದ ಹಾಸುಗಲ್ಲಿನ ಮೇಲೆ ಅವಳು ಕಾಲಿಡಲಾರದೆ ಅತ್ತಳು. ಅಂದಿನಿಂದ ನಮ್ಮ ಕಾರಿನಲ್ಲಿ ಎಲ್ಲರಿಗೂ ಒಂದೊಂದು ಜೊತೆ ದಪ್ಪ ಕಾಲುಚೀಲ ಇರುತ್ತದೆ.

ಖರ್ಚೂ ಇಲ್ಲಿ ಕಡಿಮೆ. ಹಾಸನದಿಂದ ಎರಡೂ ಊರಿಗೆ ಸಾರಿಗೆ ಬಸ್ಸು ಆಗಾಗ ಸಿಗುತ್ತದೆ. ಜೂನ್ 2023ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. ಉಳಿದ ದುಡ್ಡಿನಲ್ಲಿ ಒಬ್ಬ ಗೈಡ್ ಮಾಡಿಕೊಳ್ಳಿ. ಬೇಲೂರಿನ ಒಳಗಿನ ಕತ್ತಲಲ್ಲಿ ಕಂಬಗಳನ್ನು ದೀಪ ಹಿಡಿದು ತೋರಿಸುವವರು ಇಲ್ಲದಿದ್ದರೆ ಅರ್ಧ ನೋಡಿದ ಹಾಗೆ. ಗುರುತಿನ ಚೀಟಿ ಇರುವವರನ್ನೇ ಕೇಳಿ, ದರ ಮೊದಲೇ ಮಾತಾಡಿಕೊಳ್ಳಿ.

ಗದ್ದಲ ಬೇಡ ಅನ್ನುವವರಿಗೆ ಇದೇ ದಾರಿಯಲ್ಲಿ ಇನ್ನೂ ಮೂರು ಜಾಗಗಳಿವೆ. ಹಳೇಬೀಡಿನ ಬಸದಿಹಳ್ಳಿಯ ಜೈನ ಬಸದಿಗಳು ದೊಡ್ಡ ಗುಡಿಯಿಂದ ಕೂಗಳತೆ ದೂರ. ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಮುಖ ಕಾಣುವಷ್ಟು ಹೊಳಪು. ಹಾಸನ–ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ ದೊಡ್ಡಗದ್ದವಳ್ಳಿ ಇದೆ. ಕೆರೆಯ ದಡದಲ್ಲಿ ನಾಲ್ಕು ಗರ್ಭಗುಡಿಯ ಲಕ್ಷ್ಮೀದೇವಿ ಗುಡಿ. ಬೇಲೂರಿಗಿಂತ ಕೆಲವೇ ವರ್ಷ ಹಳೆಯದು, ಒಬ್ಬ ವ್ಯಾಪಾರಿ ದಂಪತಿ ಕಟ್ಟಿಸಿದ್ದು. ಹಳೇಬೀಡಿನಿಂದ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿ, ವೀರನಾರಾಯಣನ ಮೂರು ಗರ್ಭಗುಡಿಯ ದೇವಾಲಯ. ಅಲ್ಲಿ ಹೊರಗೋಡೆ ಸರಳ, ಅಂದ ಎಲ್ಲ ಕಂಬಗಳಲ್ಲಿ. ಬೇಲೂರಿನ ಜನಜಂಗುಳಿಯಲ್ಲಿ ಬೇಸರವಾದವರನ್ನು ನಾನು ಬೆಳವಾಡಿಗೆ ಕಳಿಸುತ್ತೇನೆ. ಯಾರೂ ಯಾಕೆ ಕಳಿಸಿದಿರಿ ಎಂದು ಕೇಳಿಲ್ಲ.

ಶ್ರವಣಬೆಳಗೊಳ: ಮೆಟ್ಟಿಲು ಹತ್ತುವ ಮನಸ್ಸಿದ್ದರೆ

ಬೆಂಗಳೂರಿನಿಂದ ಬರುವವರಿಗೆ ಇದು ಹಾಸನಕ್ಕಿಂತ ಮೊದಲೇ ಸಿಗುತ್ತದೆ. ಹಿರೀಸಾವೆಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿ, ನೋಡಿಕೊಂಡು ಚನ್ನರಾಯಪಟ್ಟಣದಲ್ಲಿ ಮತ್ತೆ ಹೆದ್ದಾರಿ ಸೇರಬಹುದು. ಹಾಗಾಗಿ ಇದನ್ನು ಬರುವ ದಿನದ ಬೆಳಿಗ್ಗೆಗೆ ಇಡುವುದು ಒಳ್ಳೆಯದು. ಹಾಸನಕ್ಕೆ ಬಂದ ಮೇಲೆ ಮತ್ತೆ 50 ಕಿಲೋಮೀಟರು ಹಿಂದಕ್ಕೆ ಹೋಗಬೇಡಿ.

ದೊಡ್ಡಬೆಟ್ಟಕ್ಕೆ 600ಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು, ನೆರಳಿಲ್ಲ, ಬರಿಗಾಲು. ಬೆಳಿಗ್ಗೆ ಎಂಟರೊಳಗೆ ಹತ್ತಿ ಮುಗಿಸಿದರೆ ಸುಖ. ಮೇಲೆ 58 ಅಡಿಯ ಗೊಮ್ಮಟ, ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ಮಾಡಿಸಿದ್ದು. ಪಾದದ ಪಕ್ಕದಲ್ಲೇ ಅವನು ಮಾಡಿಸಿದನೆಂಬ ಶಾಸನ ಇದೆ, ಹುಡುಕಿ ಓದಿ. ಹನ್ನೆರಡು ವರ್ಷಕ್ಕೊಮ್ಮೆಯ ಮಹಾಮಸ್ತಕಾಭಿಷೇಕ ಕಳೆದ ಸಲ ನಡೆದದ್ದು 2018ರಲ್ಲಿ.

ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಡೋಲಿ ಸಿಗುತ್ತದೆ. ಆದರೆ ಎಲ್ಲ ಹಿರಿಯರಿಗೂ ಅದರಲ್ಲಿ ಕೂರುವುದಕ್ಕೆ ಮನಸ್ಸು ಬರುವುದಿಲ್ಲ. ನಮ್ಮ ಅಮ್ಮ ಕೂರಲಿಲ್ಲ. ಅವರನ್ನು ಎದುರಿನ ಚಿಕ್ಕಬೆಟ್ಟಕ್ಕೆ ನಿಧಾನವಾಗಿ ಹತ್ತಿಸಿದೆವು. ಹತ್ತುವುದು ಕಡಿಮೆ, ಜನ ಕಡಿಮೆ, ಬಸದಿಗಳ ನೆರಳು ಜಾಸ್ತಿ. ಅಲ್ಲಿಂದ ಎದುರಿನ ಬೆಟ್ಟದ ಮೇಲೆ ಗೊಮ್ಮಟನ ತಲೆ ಕಾಣುತ್ತದೆ. ಅಮ್ಮ ಅಲ್ಲಿಂದಲೇ ಕೈಮುಗಿದರು. ಚಂದ್ರಗುಪ್ತ ಮೌರ್ಯ ತನ್ನ ಗುರು ಭದ್ರಬಾಹುವಿನ ಜೊತೆ ಬಂದು ಕೊನೆಯ ದಿನ ಕಳೆದನೆಂದು ಜೈನರು ನಂಬುವುದು ಈ ಚಿಕ್ಕಬೆಟ್ಟದಲ್ಲೇ. ಕನ್ನಡ ಓದುವವರಿಗಂತೂ ಇಲ್ಲಿನ ಬಂಡೆ ತುಂಬ ಶಾಸನಗಳು. ಕವಿ ರನ್ನನ ಹೆಸರೂ ಅಲ್ಲಿದೆ. ನನ್ನನ್ನು ಕೇಳಿದರೆ ಸಮಯವಿದ್ದವರು ಎರಡೂ ಬೆಟ್ಟ ಹತ್ತಬೇಕು.

ಬೇಲೂರಿಗೂ ಬೆಳಗೊಳಕ್ಕೂ ಒಂದನ್ನೇ ಆರಿಸಬೇಕಾದರೆ, ಹದಿನೈದರಿಂದ ಐವತ್ತರೊಳಗಿನವರ ಗುಂಪಿಗೆ ಬೆಳಗೊಳ, ಮಿಕ್ಕವರಿಗೆ ಬೇಲೂರು ಎನ್ನುತ್ತೇನೆ.

ಸಕಲೇಶಪುರ ಕಡೆ: ಅರ್ಧ ದಿನ ಮಾತ್ರ ಇರುವವರಿಗೆ

ಮಂಗಳೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ, ಸಕಲೇಶಪುರ ದಾಟಿ ಐದಾರು ಕಿಲೋಮೀಟರಿಗೆ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನ್ 1792ರ ಹೊತ್ತಿಗೆ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಆ ಆಕಾರ ಪೂರ್ತಿ ಕಾಣುವುದು ಮೇಲಿನಿಂದ ತೆಗೆದ ಚಿತ್ರದಲ್ಲಿ. ಒಳಗೆ ನಿಂತಾಗ ಕಾಣುವುದು ದಪ್ಪ ಗೋಡೆ, ನೆಲಮಾಳಿಗೆಯ ತಂಪು ಕೋಣೆಗಳು, ನಡುವಿನ ಕೊಳ, ಸುತ್ತ ಘಟ್ಟ. ಇದನ್ನು ಮೊದಲೇ ಹೇಳಿದರೆ ಮಕ್ಕಳಿಗೆ ನಿರಾಸೆ ಆಗುವುದಿಲ್ಲ. ಇಲ್ಲೂ 250ರಷ್ಟು ಮೆಟ್ಟಿಲು ಇವೆ, ಆದರೆ ಮರದ ನೆರಳಿದೆ. ಒಂದೂವರೆ ಗಂಟೆ ಸಾಕು. ಕಡಲಿಗೆ ಹೋಗುವ ಆತುರದಲ್ಲಿ ಇದ್ದವರಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ.

ಒಂದು ರಾತ್ರಿ ಉಳಿಯುವವರು ಬಿಸಿಲೆ ಕಡೆ ಹೋಗಿ. ವ್ಯೂ ಪಾಯಿಂಟಿನಲ್ಲಿ ನಿಂತರೆ ಎದುರಿಗೆ ಕುಮಾರ ಪರ್ವತದ ಸಾಲು. ಮಳೆಗಾಲದಲ್ಲಿ ಮೋಡ ಬಿಟ್ಟು ಏನೂ ಕಾಣದ ದಿನಗಳೇ ಹೆಚ್ಚು, ಮೇಲಾಗಿ ಇಂಬಳ, ಅಂದರೆ ಜಿಗಣೆ. ಹೊಗೆಸೊಪ್ಪು, ಸುಣ್ಣ ಇಟ್ಟುಕೊಂಡೇ ಇಲ್ಲಿನವರು ತೋಟಕ್ಕೆ ಇಳಿಯುವುದು. ನವೆಂಬರಿಂದ ಫೆಬ್ರವರಿವರೆಗೆ ಬಂದರೆ ಆಕಾಶ ತಿಳಿಯಾಗಿರುತ್ತದೆ, ತೋಟದಲ್ಲಿ ಕಾಫಿ ಕುಯ್ಲು ನಡೆಯುತ್ತಿರುತ್ತದೆ. ಬೇಸಿಗೆಯಲ್ಲಿ ಮೊದಲ ಮಳೆ ಬಿದ್ದ ಒಂದು ವಾರದ ಮೇಲೆ ಬಂದವರು ಪುಣ್ಯವಂತರು. ಊರಿಗೆ ಊರೇ ಬಿಳಿ ಹೂವು, ಮಲ್ಲಿಗೆಯಂಥ ಘಮ. ಅದನ್ನು ಮೊದಲೇ ಲೆಕ್ಕ ಹಾಕಿ ಬರಲು ಆಗುವುದಿಲ್ಲ. ಹೋಂಸ್ಟೇಯವರಿಗೆ ಫೋನು ಮಾಡಿ ಕೇಳಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟಗಳಲ್ಲೇ ಓಡಾಡುತ್ತವೆ. ಕತ್ತಲಾದ ಮೇಲೆ, ಬೆಳಗಾಗುವ ಮೊದಲು ತೋಟದ ರಸ್ತೆಗಳಲ್ಲಿ ನಡೆಯಬೇಡಿ. ಹೋಂಸ್ಟೇ ದೂರವಿದ್ದರೆ ಬೆಳಕಿರುವಾಗಲೇ ತಲುಪಿ. ಹಾಗೆಯೇ ಸುಬ್ರಹ್ಮಣ್ಯದ ಕಡೆ ಇಳಿಯುವ ರೈಲು ಹಳಿಯ ಮೇಲೆ ನಡೆಯುವುದಕ್ಕೆ ಅನುಮತಿ ಇಲ್ಲ. ಆ 57 ಸುರಂಗಗಳ ದಾರಿ ನೋಡಬೇಕಾದರೆ ಹಗಲಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನೋಡಿ.

ಚಂದ್ರದ್ರೋಣದ ಬೆಟ್ಟಗಳು

ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ತುದಿ. ಚಿಕ್ಕಮಗಳೂರಿನಿಂದ 20 ಕಿಲೋಮೀಟರಿನ ಆಸುಪಾಸು. ರಸ್ತೆ ತುಂಬ ಮೇಲಿನವರೆಗೂ ಹೋಗುತ್ತದೆ, ಕೊನೆಗೆ 500ರಷ್ಟು ಮೆಟ್ಟಿಲು. ಬೆಳಗೊಳಕ್ಕಿಂತ ಸುಲಭ ಅನ್ನಿಸಬಹುದು, ಆದರೆ ಇಲ್ಲಿ ಗಾಳಿ ಜೋರು, ರಸ್ತೆ ಕಿರಿದು, ಒಂದು ಕಡೆ ಪ್ರಪಾತ. ಘಟ್ಟದಲ್ಲಿ ಗಾಡಿ ಓಡಿಸಿ ಅಭ್ಯಾಸ ಇಲ್ಲದವರು ಊರಿನಿಂದ ಜೀಪು ಮಾಡಿಕೊಳ್ಳುವುದು ಒಳ್ಳೆಯದು. ಈಗ ಗಿರಿಗೆ ಹೋಗುವ ವಾಹನಗಳಿಗೆ ಆನ್‌ಲೈನಿನಲ್ಲಿ ಮೊದಲೇ ನೋಂದಣಿ ಬೇಕು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಬೆಳಗಿನದನ್ನೇ ಹಿಡಿಯಿರಿ. ಹತ್ತು ಗಂಟೆಯಾದ ಮೇಲೆ ಅಲ್ಲಿ ಕಾಣುವುದು ಬೆಟ್ಟಕ್ಕಿಂತ ಹೆಚ್ಚಾಗಿ ಕಾರುಗಳ ಸಾಲು.

ಬಾಬಾಬುಡನ್‌ಗಿರಿ ಅದೇ ಸಾಲಿನಲ್ಲಿ ಮುಂದೆ. ಬಾಬಾ ಬುಡನ್ 1670ರ ಸುಮಾರಿಗೆ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರು ಎನ್ನುತ್ತಾರೆ. ನಮ್ಮ ಎರಡೂ ಜಿಲ್ಲೆಯ ಬದುಕು ಇಂದಿಗೂ ಆ ಬೀಜದ ಮೇಲೆ ನಿಂತಿದೆ. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಸಮಯಕ್ಕೆ ಕೆಲವು ದಿನ ಪ್ರವಾಸಿಗರನ್ನು ಮುಳ್ಳಯ್ಯನಗಿರಿಯೂ ಸೇರಿ ಈ ಗಿರಿಗಳಿಗೆ ಬಿಡುವುದಿಲ್ಲ. ದಿನಾಂಕ ನೋಡಿಕೊಂಡು ಹೊರಡಿ.

ಕೆಮ್ಮಣ್ಣುಗುಂಡಿ ಬೇರೆ ಮನಸ್ಸಿನವರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬರುತ್ತಿದ್ದ ಜಾಗ, ಈಗ ತೋಟಗಾರಿಕೆ ಇಲಾಖೆಯ ಕೈಯಲ್ಲಿದೆ. ಹಿರಿಯರು ಹೂದೋಟದಲ್ಲಿ ಕೂರಬಹುದು, ಅಷ್ಟರಲ್ಲಿ ಕಾಲಿಗೆ ಶಕ್ತಿ ಇರುವವರು ಝಡ್ ಪಾಯಿಂಟ್ ಎಂಬ ಬೆಟ್ಟದ ತುದಿಗೆ ನಡೆದು ಬರಬಹುದು. ಒಂದೇ ಕಾರಿನಲ್ಲಿ ಎರಡೂ ವಯಸ್ಸಿನವರು ಇದ್ದಾಗ ಮುಳ್ಳಯ್ಯನಗಿರಿಗಿಂತ ಇದೇ ವಾಸಿ. ಆದರೆ ಚಿಕ್ಕಮಗಳೂರಿನಿಂದ ದೂರ. ಹೆಬ್ಬೆ ಜಲಪಾತವನ್ನೂ ಸೇರಿಸಿದರೆ ಇಡೀ ದಿನ ಬೇಕು, ಅದಕ್ಕೆ ಜೀಪಿನ ಖರ್ಚು ಬೇರೆ.

ದುಡ್ಡು, ಜನ, ಸಮಯ ಮೂರೂ ಉಳಿಯಬೇಕು ಎಂದರೆ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ. ಬುತ್ತಿ ಕಟ್ಟಿಕೊಂಡು ಹೋಗಿ ಏರಿಯ ಮೇಲೆ ಕೂತು, ಹೊತ್ತು ಮುಳುಗುವುದನ್ನು ನೋಡಿ ಬನ್ನಿ.

ಯಾವ ಘಟ್ಟ ಇಳಿಯುವುದು?

ಕಡಲಿಗೆ ಹೋಗುವವರ ಆಯ್ಕೆಯನ್ನು ಕೊನೆಗೆ ಇದೇ ತೀರ್ಮಾನಿಸುತ್ತದೆ. ಹಾಸನ, ಸಕಲೇಶಪುರದ ದಾರಿ ಹಿಡಿದರೆ ಶಿರಾಡಿ ಘಾಟಿ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ದಾರಿ ಹಿಡಿದರೆ ಚಾರ್ಮಾಡಿ. ಮಂಗಳೂರಿಗೆ ಶಿರಾಡಿ ನೇರ, ಲಾರಿಗಳು ಜಾಸ್ತಿ. ಧರ್ಮಸ್ಥಳ, ಉಡುಪಿಗೆ ಚಾರ್ಮಾಡಿ ಅನುಕೂಲ. ತಿರುವು ಹೆಚ್ಚು, ನೋಟವೂ ಹೆಚ್ಚು. ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಇಳಿಯುವ ಸುಖವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡರಲ್ಲೂ ಗುಡ್ಡ ಕುಸಿಯುತ್ತದೆ. ಆ ತಿಂಗಳುಗಳಲ್ಲಿ ಹೊರಡುವ ದಿನ ಬೆಳಿಗ್ಗೆ ರಸ್ತೆ ತೆರೆದಿದೆಯಾ ಎಂದು ಕೇಳಿಕೊಳ್ಳದೆ ಹೊರಡಬೇಡಿ. ಮಳೆಗಾಲದಲ್ಲಿ ನಾನಂತೂ ಬೆಟ್ಟ ಬಿಟ್ಟು ಗುಡಿಗಳನ್ನೇ ಹೇಳುತ್ತೇನೆ. ನೆನೆದ ಬಳಪದ ಕಲ್ಲು ಕಪ್ಪಗೆ ಹೊಳೆಯುವುದನ್ನು ನೋಡಲು ಮಳೆಯೇ ಬೇಕು.

ಅಕ್ಕನ ಕಾರಿಗೆ ಹೀಗೆ ಆಯಿತು. ದೊಡ್ಡಮ್ಮನ ಮಂಡಿಗಾಗಿ ಬೆಳಗೊಳ ಬಿಟ್ಟರು. ಮೊದಲ ದಿನ ಬೆಂಗಳೂರಿನಿಂದ ನಸುಕಿಗೇ ಹೊರಟು ಬೇಲೂರು, ಸಂಜೆಗೆ ಹಳೇಬೀಡು, ರಾತ್ರಿ ನಮ್ಮ ಮನೆಯಲ್ಲಿ. ಎರಡನೇ ದಿನ ಮುಳ್ಳಯ್ಯನಗಿರಿ ಬೇಕೆಂದು ಭಾವ ಹಟ ಹಿಡಿದಿದ್ದರು. ದತ್ತ ಜಯಂತಿಯ ದಿನಾಂಕ ಹೇಳಿದ ಮೇಲೆ ಬಿಟ್ಟರು. ಈಗ ಬೆಳಿಗ್ಗೆ ಬೆಳವಾಡಿ, ಮಧ್ಯಾಹ್ನ ಮೂಡಿಗೆರೆ ಹತ್ತಿರ ಒಂದು ತೋಟದ ಹೋಂಸ್ಟೇ, ಮೂರನೇ ದಿನ ಬೆಳಕು ಹರಿದ ಮೇಲೆ ಚಾರ್ಮಾಡಿ. ದಪ್ಪ ಕಾಲುಚೀಲ ಐದು ಜೊತೆ ತರಲು ಅಕ್ಕನಿಗೆ ಹೇಳಿದ್ದೇನೆ.